ಕೆನ್ನೆಯ ಮೇಲಿನ ಅಗುಳು

ಆ ಮನೆಯಲ್ಲಿ ಊಟದ ಮೇಜು ಒಂದು, ಉಣ್ಣುವವರು ನಾಲ್ವರು. ಹಲ್ಲಿನ ಸೆಟ್ ಮಾಡುವ ಮಗ, ಬಸ್ ಕಂಡಕ್ಟರ್ ಸೊಸೆ, ಹತ್ತನೇ ತರಗತಿಯ ಮೊಮ್ಮಗಳು, ಇವರೆಲ್ಲರಿಗೂ ಹಿರಿಯಳಾದ ಅಜ್ಜಿ. ಭಗವಂತನ ದಯೆಯಿಂದ ನಾಲ್ಕು ತಟ್ಟೆಗೂ ಅನ್ನವಿತ್ತು, ಮೇಜಿನ ಮೇಲೆ ನಾಲ್ಕಕ್ಕೂ ಜಾಗವಿತ್ತು. ಒಂದು ಸೋಮವಾರ ಆ ಮೇಜಿನ ಮೇಲೆ ಎರಡು ಪೆಟ್ಟಿಗೆಗಳು ಬಂದು ಕೂತವು. ಅಂದಿನಿಂದ ಜಾಗ ಮೂರು ತಟ್ಟೆಗೆ ಇಳಿಯಿತು. ಅಜ್ಜಿಯೇ ಮೊದಲು ಎದ್ದಳು.

"ನಂಗೆ ಒಳಗೇ ಕೊಟ್ಟುಬಿಡಮ್ಮ. ಕಾಲು ಚಾಚ್ಕೊಂಡು ಉಣ್ತೀನಿ," ಎಂದು ಸೊಸೆಗೆ ಹೇಳಿ ತನ್ನ ಕೋಣೆಗೆ ಹೋದಳು.

ಮನೆಯಲ್ಲಿ ಒಬ್ಬರು ಒಂದು ಹೆಜ್ಜೆ ಹಿಂದೆ ಸರಿದರೆ ಸದ್ದಾಗುವುದಿಲ್ಲ. ಅಂದೂ ಆಗಲಿಲ್ಲ. ಅಡಿಗೆಮನೆಯ ನಲ್ಲಿ ಮಾತ್ರ ತೊಟ್ಟಿಕ್ಕುತ್ತಿತ್ತು.

ಮಗನನ್ನು ಬೀದಿಯವರು ಹಲ್ಲಿನಣ್ಣ ಎನ್ನುತ್ತಿದ್ದರು. ಅವನು ಪೆಟ್ಟಿಗೆಯೊಂದನ್ನು ಚಾಕುವಿನ ತುದಿಯಿಂದ ಬಿಡಿಸುತ್ತಿದ್ದ. ಇನ್ನೊಂದರ ಮುದ್ರೆಯನ್ನು ಮುಟ್ಟಲಿಲ್ಲ.

"ಎರಡು ಯಾಕ್ರೀ?" ಎಂದಳು ಹೆಂಡತಿ.

"ಒಂದು ನೋಡೋಕೆ, ಒಂದು ಇಡೋಕೆ."

"ಇಟ್ಟಿದ್ದನ್ನ ನೋಡಲ್ವಾ?"

"ಪೆಟ್ಟಿಗೆ ನೋಡ್ತೀನಿ. ಒಡೆದ್ರೆ ಅದರ ಮರ್ಯಾದೆ ಹೋಯ್ತು."

"ಚೆನ್ನಾಗಿದೆ. ನಾಳೆಯಿಂದ ನಾನೂ ಎರಡು ಪಾತ್ರೆ ಅನ್ನ ಮಾಡ್ತೀನಿ. ಒಂದು ಉಣ್ಣೋಕೆ, ಒಂದು ಮುಚ್ಚಳ ನೋಡ್ಕೊಂಡು ಕೂರೋಕೆ."

ಮಗಳು ಕಿಸಕ್ಕನೆ ನಕ್ಕಳು. ಪೆಟ್ಟಿಗೆಯಿಂದ ಹೊರಗೆ ಬಂದದ್ದು ಗೇಣುದ್ದದ ಒಬ್ಬ ಸಿಪಾಯಿ: ಕೋಟೆ ಕಾವಲುಗಾರ. ತಲೆಗೆ ತೆಗೆದು ಹಾಕಬಹುದಾದ ಶಿರಸ್ತ್ರಾಣ, ಒಂದು ಕೈಯಲ್ಲಿ ಗುರಾಣಿ, ಇನ್ನೊಂದರಲ್ಲಿ ಲಾಟೀನು. ನಲವತ್ತು ವರ್ಷದ ಹಿಂದೆ ಮಕ್ಕಳ ಕೈಯಲ್ಲಿ ಆಡಿ ಸವೆದ ಗೊಂಬೆ. ಅದನ್ನು ಮಾಡಿದ್ದ ಕಂಪನಿಯೇ, ಈಗ ತಲೆ ನರೆತ ಅದೇ ಮಕ್ಕಳಿಗಾಗಿ ಮತ್ತೆ ಬಿಡುಗಡೆ ಮಾಡಿತ್ತು. ಇಂಥ ಗೊಂಬೆಗಳನ್ನು ಕೂಡಿಡುವವರದೊಂದು ಬಳಗವಿತ್ತು. ತಿಂಗಳ ಮೊದಲ ಭಾನುವಾರ ಫೋಟೋ ಫ್ರೇಮಿನ ಅಂಗಡಿಯ ಮಹಡಿಯಲ್ಲಿ ಸೇರುತ್ತಿದ್ದರು. ಹೊಸ ಕಾವಲುಗಾರನ ಗುಣದೋಷಗಳನ್ನು ಬರೆದು ಕಳಿಸಿದರೆ ಮುಂದಿನ ಕಂತಿನಲ್ಲಿ ತಿದ್ದುತ್ತೇವೆ ಎಂದು ಕಂಪನಿ ಬಳಗಕ್ಕೆ ಕಾಗದ ಬರೆದಿತ್ತು. ಆ ಪಟ್ಟಿ ಬರೆಯುವ ಕೆಲಸ ಹಲ್ಲಿನಣ್ಣನ ಪಾಲಿಗೆ ಬಂದಿತ್ತು.

ಬಂದದ್ದು ಅವನ ಕಣ್ಣಿನ ದೆಸೆಯಿಂದ. ಮೇಣದಲ್ಲಿ ಅಚ್ಚು ತೆಗೆದು, ಹಲ್ಲು ಕೂರಿಸಿ, ಒಸಡಿನ ಬಣ್ಣ ಹೊಂದಿಸಿ ಅವನದು ಇಪ್ಪತ್ತೆರಡು ವರ್ಷದ ಕೈ. ಕೂದಲೆಳೆಯಷ್ಟು ಎತ್ತರ ತಗ್ಗಾದರೂ ಅವನಿಗೆ ಕಾಣುತ್ತಿತ್ತು. ಕೆಲಸದ ಕೋಣೆಯಲ್ಲಿ ಅವನು ಒಬ್ಬನೇ. ಡಾಕ್ಟರು ಚೀಟಿ ಕಳಿಸುತ್ತಾರೆ, ಇವನು ಸೆಟ್ ಕಳಿಸುತ್ತಾನೆ. ಸುತ್ತಲೂ ಸಾಲು ಸಾಲಾಗಿ ನಗುವ ಹಲ್ಲುಗಳು, ಮಾತಾಡುವ ಬಾಯಿ ಒಂದೂ ಇಲ್ಲ. ತಿಂಗಳಿಗೊಮ್ಮೆ ಆ ಮಹಡಿ ಹತ್ತಿದಾಗಲೇ ಯಾರಾದರೂ "ನಿಮಗೇನನ್ನಿಸುತ್ತೆ?" ಎಂದು ಅವನನ್ನು ಕೇಳುತ್ತಿದ್ದುದು.

ಬುಧವಾರ ಸಂಜೆ ಅವನು ಹೇಳಿದ, ಮಗಳು ಫೋನಿನಲ್ಲಿ ಬರೆದುಕೊಂಡಳು.

"ಗುಣಗಳು. ಮಂಡಿ ಈಗ ಪೂರ್ತಿ ಮಡಚುತ್ತೆ. ಹಳೇದು ಕೂತ್ಕೊಳ್ತಾನೇ ಇರಲಿಲ್ಲ. ಬರ್ಕೊಂಡ್ಯಾ?"

"ಹೂಂ. ಮಂಡಿ ನೋವಿಲ್ಲ."

"ತಮಾಷೆ ಬೇಡ. ನಡುಪಟ್ಟಿ ಬಿರುಕು ಬಿಡಲ್ಲ. ಶಿರಸ್ತ್ರಾಣ ಅಲ್ಲಾಡಿಸಿದ್ರೂ ಬೀಳಲ್ಲ. ಕೈಗೆ ತೂಕ ಚೆನ್ನಾಗಿದೆ. ಈಗ ದೋಷ. ತೋಳಿನ ಒಳಮಗ್ಗುಲಲ್ಲಿ ಅಚ್ಚಿನ ಗೆರೆ ಎದ್ದು ಕಾಣುತ್ತೆ. ಮಣಿಕಟ್ಟು ಮೆತ್ತಗೆ, ಲಾಟೀನು ಎತ್ತಿ ಹಿಡಿದ್ರೆ ಜೋಲುತ್ತೆ. ಅಂಗಿ ನೀಲಿ ಹೆಚ್ಚಾಯ್ತು. ಹಳೇ ನೀಲಿ ಒಗೆದ ಬಟ್ಟೆ ಥರ ಇತ್ತು. ಕಣ್ಣು ನೇರ ನೋಡುತ್ತೆ. ಹಳೇದು ಒಂಚೂರು ಪಕ್ಕಕ್ಕೆ, ಯಾರೋ ಬರೋ ಸದ್ದು ಕೇಳಿದ ಹಾಗೆ ನೋಡ್ತಿತ್ತು."

"ಅಪ್ಪ, ನಂಗೆ ಎರಡು ವರ್ಷದಿಂದ ಕನ್ನಡಕ ಇದೆ. ಅದರ ಬಣ್ಣ ಯಾವುದು ಹೇಳು, ಈ ಕಡೆ ನೋಡ್ದೆ."

ಅವನು ಗೊಂಬೆಯಿಂದ ಕಣ್ಣೆತ್ತಲಿಲ್ಲ. "ಕಪ್ಪು."

"ಕಂದು. ಸರಿ, ಮುಂದಕ್ಕೆ ಹೇಳು."

"ಕೊನೇದು, ಎಲ್ಲಕ್ಕಿಂತ ದೊಡ್ಡ ದೋಷ. ಎಡಗಣ್ಣಿನ ಕೆಳಗೆ ಕೆನ್ನೆ ಮೇಲೆ ಒಂದು ಸ್ಕಾರ್ ಇತ್ತು. ಯುದ್ಧದಲ್ಲಿ ಆದ ಗಾಯದ ಗುರುತು. ಹೊಸದರಲ್ಲಿ ಅದೇ ಇಲ್ಲ. ಅದಿಲ್ದೆ ಇವನು ಕಾವಲುಗಾರನೇ ಅಲ್ಲ."

ಪಟ್ಟಿ ಹೋಯಿತು. ಮೂರನೇ ದಿನ ಬಳಗದ ಹಿರಿಯರಿಂದ ಫೋನು ಬಂತು. ರೈಲು ಓಡಿಸಿ ನಿವೃತ್ತರಾಗಿದ್ದ ಅವರನ್ನು ಎಲ್ಲರೂ ರೈಲು ಯಜಮಾನರು ಎಂದೇ ಕರೆಯುತ್ತಿದ್ದರು. ದನಿ ಎಂಜಿನ್ನಿನ ಸದ್ದಿಗೆ ಎದುರಾಡಿ ಬೆಳೆದದ್ದು, ಮನೆಮಂದಿಗೆಲ್ಲ ಕೇಳಿಸಿತು.

"ಏನ್ರೀ ಹಲ್ಲಿನವರೇ, ಪಟ್ಟಿ ಭಾರಿ ಚೆನ್ನಾಗಿದೆ. ಆದರೆ ಆ ಸ್ಕಾರ್ ಎಲ್ಲಿಂದ ತಂದ್ರಿ? ನನ್ನ ಹತ್ರ ಹಳೇದು ಮೂರಿವೆ. ಒಂದರಲ್ಲೂ ಇಲ್ಲ."

"ನಿಮ್ಮದು ಬೇರೆ ಕಂತಿಂದು ಇರಬೇಕು ಯಜಮಾನ್ರೇ."

"ಬಳಗದಲ್ಲಿ ಹದಿನಾಲ್ಕು ಜನರ ಹತ್ರ ಇದೆ. ಎಲ್ಲರನ್ನೂ ಕೇಳಿದೆ. ನಿಮಗೆ ಬಣ್ಣ ಕಿತ್ತಿದ್ದು ನೆನಪಿರಬೇಕು."

"ಬಣ್ಣ ಅಲ್ಲ! ತಗ್ಗು ಇತ್ತು. ಉಗುರು ಹಾಕಿದ್ರೆ ಸಿಕ್ತಿತ್ತು. ಬಣ್ಣ ತಗ್ಗಾಗುತ್ತಾ? ಅಚ್ಚಲ್ಲೇ ಇರಬೇಕು. ದಿನಾ ಅಚ್ಚು ತೆಗೆಯೋನಿಗೆ ಹೇಳ್ತೀರಲ್ಲ!"

"ಹಾಗಾದ್ರೆ ಮುಂದಿನ ಭಾನುವಾರದೊಳಗೆ ಏನಾದ್ರೂ ತೋರಿಸಿ. ಗೊಂಬೆ, ಫೋಟೋ, ಯಾವುದಾದ್ರೂ ಸರಿ. ಇಲ್ದಿದ್ರೆ ಪಟ್ಟಿ ಬೇರೆಯವರ ಕೈಗೆ ಕೊಡಬೇಕಾಗುತ್ತೆ. ಬಳಗದ ಹೆಸರಲ್ಲಿ ಹೋಗೋದು ನೋಡಿ, ತಪ್ಪು ತಿಳ್ಕೋಬೇಡಿ."

ಸಂಜೆಯೊಳಗೆ ಬಳಗದ ಸಂದೇಶಗಳಲ್ಲಿ ಯಾರೋ ಬರೆದಿದ್ದರು: "ಹಲ್ಲಿನವರಿಗೆ ಗೊಂಬೆ ಕೆನ್ನೆಯಲ್ಲೂ ಹುಳುಕು ಕಾಣ್ತಿದೆ." ಹನ್ನೊಂದು ಜನ ನಕ್ಕಿದ್ದರು. ಅವನು ಆ ಹನ್ನೊಂದು ಹೆಸರುಗಳನ್ನೂ ಒಂದೊಂದಾಗಿ ಓದಿದ. ಬಾಲ್ಯದ ಬಗ್ಗೆ ಖಾತ್ರಿಯಾಗಿ ಗೊತ್ತು ಎಂದುಕೊಂಡಿದ್ದ ಸಂಗತಿ ಅವನಿಗೆ ಇದ್ದದ್ದೇ ಒಂದು. ಆ ಗೊಂಬೆಯ ಮುಖ. ಉಳಿದದ್ದೆಲ್ಲ ನೀರಿನೊಳಗಿನ ಪಾತ್ರೆಯ ಹಾಗೆ, ಕೈ ಹಾಕಿದರೆ ಜರುಗುತ್ತಿತ್ತು.

ಮಾರನೆಯ ವಾರವೆಲ್ಲ ಮನೆ ತಲೆಕೆಳಗಾಯಿತು. ಅಟ್ಟದಿಂದ ಟ್ರಂಕು ಇಳಿಯಿತು. ಹಳೆಯ ಶಾಲೆಯ ಚೀಟಿಗಳು, ತುಕ್ಕು ಹಿಡಿದ ಬೀಗ, ಕೈಯಿಲ್ಲದ ಸ್ವೆಟರು ಮೇಜಿನ ಮೇಲೆ ರಾಶಿಬಿದ್ದವು. ಈಗ ಎರಡು ತಟ್ಟೆಗೂ ಜಾಗವಿಲ್ಲ. ಮಗಳು ನಿಂತೇ ಉಂಡು ಶಾಲೆಗೆ ಹೋದಳು. ಕಂಡಕ್ಟರಮ್ಮ ಸಂಜೆ ಪಾಳಿ ಮುಗಿಸಿ ಬಂದಾಗ ನಲ್ಲಿಯ ಕೆಳಗಿನ ಬಕೆಟ್ಟು ತುಂಬಿ ಹರಿದು ನೆಲವೆಲ್ಲ ನೀರು.

"ಮುಂದೆ ಹೋಗಿ, ಮುಂದೆ ಹೋಗಿ ಅಂತ ಬೆಳಗಿಂದ ಕೂಗಿ ಕೂಗಿ ನನ್ನ ಗಂಟಲು ಹೋಗಿದೆ," ಎಂದಳು, ಪೊರಕೆ ಹಿಡಿದುಕೊಂಡು. "ಇಡೀ ಬಸ್ಸು ಮುಂದೆ ಹೋಗುತ್ತೆ. ಮನೆಗೆ ಬಂದ್ರೆ ನೀವೊಬ್ರು ನಲವತ್ತು ವರ್ಷ ಹಿಂದಿನ ಸ್ಟಾಪಲ್ಲಿ ಕೂತಿದೀರಿ."

"ನಲ್ಲಿ ನಾಳೆ ನೋಡ್ತೀನಿ."

"ಆ ನಾಳೆಗೆ ಮೊನ್ನೆಗೆ ಮೂರು ವಾರ ಆಯ್ತು. ಊರವರ ಬಾಯಿಗೆಲ್ಲ ಹಲ್ಲು ಕೂರಿಸೋ ಕೈಗೆ ಒಂದು ವಾಷರ್ ಕೂರಿಸೋಕೆ ಆಗಲ್ಲ."

"ನಿಂಗೆ ಇದು ಆಟದ ಸಾಮಾನು ಅನ್ಸುತ್ತೆ. ನಾನು ಸುಳ್ಳು ಹೇಳ್ತೀನಿ ಅಂತಿದಾರೆ ಅವರು. ನನಗೆ ನೆನಪಿರೋದೇ ಸುಳ್ಳು ಅಂತ!"

ಅವನ ದನಿಯಲ್ಲಿ ಏನೋ ಕೇಳಿ ಅವಳು ಪೊರಕೆ ನಿಲ್ಲಿಸಿದಳು. "ಅತ್ತೇನ ಒಂದು ಮಾತು ಕೇಳಬಾರ್ದಾ?" ಎಂದಳು.

"ಅಮ್ಮನಿಗೆ ಗೊಂಬೆ ವಿಷಯ ಏನು ಗೊತ್ತು? ಒಂದು ಹೇಳಿದ್ರೆ ಒಂದು ಕೇಳಿಸ್ಕೊಳ್ತಾಳೆ."

ಕೋಣೆಯೊಳಗೆ ಅಜ್ಜಿ ಸಂಜೆಯ ಪ್ರಾರ್ಥನೆಗೆ ಕೂತಿದ್ದಳು. ಕಿವಿ ಸ್ವಲ್ಪ ಮಂದ. ಹೊರಗಿನ ಜಗಳ ಅವಳಿಗೆ ಬೇರೆ ಮನೆಯ ರೇಡಿಯೋದಂತೆ ಕೇಳುತ್ತಿತ್ತು. ಮಗ ನಾಲ್ಕೈದು ದಿನದಿಂದ ಏನನ್ನೋ ಕಳೆದುಕೊಂಡು ಹುಡುಕುತ್ತಿದ್ದಾನೆ ಎಂಬುದಷ್ಟೇ ಗೊತ್ತಿತ್ತು. ಸ್ಕಾರು ಸ್ಕಾರು ಎನ್ನುತ್ತಾನೆ, ಕೆಲಸದ ಯಾವುದೋ ಸಾಮಾನಿರಬೇಕು. ಅವನಿಗೆ ಅದು ಸಿಗಲಿ ಎಂದು ದೇವರಲ್ಲಿ ಕೇಳಿಕೊಂಡಳು. ಅವಳ ಗೂಡಿನಲ್ಲಿ ಅಂಗೈಯಗಲದ ಒಂದು ಫೋಟೋ ಇತ್ತು, ಹುಟ್ಟಿದ ಮೂರು ತಿಂಗಳಿಗೆ ತೆಗೆಸಿದ್ದು. ಹಲ್ಲಿನಣ್ಣನ ತಮ್ಮನದು. ನಾಲ್ಕು ವರ್ಷ ಬಾಳಿದ ಆ ಕೂಸಿನ ಬೇರೆ ಫೋಟೋ ಇರಲಿಲ್ಲ.

ಶುಕ್ರವಾರದ ಊಟಕ್ಕೆ ಅನ್ನ, ಬೇಳೆ, ಹುರಿದ ಆಲೂಗಡ್ಡೆ. ಟ್ರಂಕಿನ ಸಾಮಾನನ್ನು ಕಂಡಕ್ಟರಮ್ಮ ನೆಲಕ್ಕೆ ಇಳಿಸಿದ್ದಳು, ಪೆಟ್ಟಿಗೆಗಳು ಮಾತ್ರ ಅಲ್ಲೇ ಇದ್ದವು. ಬಿಚ್ಚಿದ ಕಾವಲುಗಾರ ನೀರಿನ ಜಗ್ಗಿಗೆ ಒರಗಿ, ಜೋಲುವ ಕೈಯಲ್ಲಿ ಲಾಟೀನು ಹಿಡಿದು ನಿಂತಿದ್ದ. ಹಲ್ಲಿನಣ್ಣ ತುತ್ತು ಕಲಸುತ್ತಲೇ ಇದ್ದ, ಎತ್ತುತ್ತಿರಲಿಲ್ಲ.

"ಅಪ್ಪ, ಇಷ್ಟಕ್ಕೆಲ್ಲ ಯಾಕೆ ಊಟ ಬಿಡ್ತೀಯ?" ಮಗಳು ತನ್ನ ತಟ್ಟೆಯಿಂದ ಒಂದು ಅನ್ನದ ಅಗುಳು ತೆಗೆದು ಗೊಂಬೆಯ ಎಡಗೆನ್ನೆಗೆ ಒತ್ತಿದಳು. "ತಗೋ ನಿನ್ನ ಸ್ಕಾರ್. ಫೋಟೋ ತೆಗೆದು ಯಜಮಾನ್ರಿಗೆ ಕಳಿಸು, ಪೀಡೆ ತೊಲಗುತ್ತೆ."

ಅವನಿಗೆ ನಗು ಬರಲಿಲ್ಲ. ನೋಡುತ್ತಾ ಕೂತ. ಅಗುಳು ಕೂತ ಜಾಗ ಸರಿಯಾಗಿತ್ತು, ಉದ್ದವೂ ಸರಿಯಾಗಿತ್ತು.

ಅಜ್ಜಿ ಖಾಲಿ ತಟ್ಟೆ ಹಿಡಿದು ಕೋಣೆಯಿಂದ ಬಂದಳು, ತೊಳೆಯಲು ಇಡುವುದಕ್ಕೆ. ಮೇಜಿನ ಪಕ್ಕ ಹಾಯುವಾಗ ನಿಂತಳು. ಬಗ್ಗಿದಳು. ಹೆಬ್ಬೆರಳಿನಿಂದ ಆ ಗೊಂಬೆಯ ಕೆನ್ನೆ ಒರೆಸಿ, ತನಗೇ ಹೇಳಿಕೊಂಡಂತೆ, "ಅಗುಳು ಅಂಟಿದೆ ಕಣೋ," ಎಂದಳು.

ಅಗುಳು ಉದುರಿತು. ಅಜ್ಜಿ ಬೋಳು ಕೆನ್ನೆಯನ್ನು ನೋಡಿದಳು. "ಓ, ಇದು ನಿಜವಾದ ಅಗುಳು," ಎಂದಳು.

ಹಲ್ಲಿನಣ್ಣನ ಬೆರಳುಗಳು ಅನ್ನದಲ್ಲೇ ನಿಂತವು. "ಅಮ್ಮ, ಇನ್ನೊಂದು ಸಲ ಹೇಳು."

"ಏನನ್ನ?"

"ಈಗ ಹೇಳಿದ್ಯಲ್ಲ, ಅಗುಳು ಅಂತ."

"ಅದು ನೀನು ಹೇಳ್ತಿದ್ದ ಮಾತಲ್ವೇನೋ? ನಿನ್ನ ತಮ್ಮನ ಕೆನ್ನೆ ಕಲೆಗೆ ನೀನೇ ಇಟ್ಟ ಹೆಸರು. ಉಣ್ಣೋಕೆ ಕೂತಾಗೆಲ್ಲ, ತಮ್ಮ ಅಗುಳು ಅಂಟಿದೆ ಒರೆಸ್ಕೋ ಅಂತಿದ್ದೆ. ಅದು ಪಾಪ ಒರೆಸ್ಕೊಳ್ತಿತ್ತು. ಹೋಗ್ತಿರಲಿಲ್ಲ."

ಸೊಸೆ ಎದ್ದು ಕುರ್ಚಿ ಎಳೆದು ಕೊಟ್ಟಳು. ಅಜ್ಜಿ ತಟ್ಟೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು.

"ಮೆಟ್ಟಿಲಿಂದ ಬಿದ್ದಿತ್ತು. ಎರಡು ಹೊಲಿಗೆ ಹಾಕಿದ್ರು. ಗಾಯ ಒಣಗಿದ ಮೇಲೆ ಅಗುಳಿನ ಹಾಗೆ ಒಂದು ಕಲೆ ಉಳೀತು. ಬೀದಿ ಮಕ್ಕಳು ಹೊಲಿಗೆ ಮೂತಿ, ಹೊಲಿಗೆ ಮೂತಿ ಅಂತ ಕುಣಿಯೋವು. ಹೊರಗೆ ಹೋಗೋದನ್ನೇ ಬಿಟ್ಟುಬಿಡ್ತು ಕೂಸು. ಬಾಗಿಲ ಹಿಂದೆ ನಿಂತ್ಕೊಂಡು, ಅಮ್ಮ ಇದು ಯಾವಾಗ ಉದುರುತ್ತೆ ಅಂತ ಕೇಳೋದು. ನಾನೇನು ಹೇಳ್ಲಿ? ನಿಮ್ಮಿಬ್ಬರದೂ ಒಂದು ಸಿಪಾಯಿ ಗೊಂಬೆ ಇತ್ತಲ್ಲ. ಒಂದು ಮಧ್ಯಾಹ್ನ ದಪ್ಪನೆ ಸೂಜಿ ಒಲೇಲಿ ಕಾಯಿಸಿ ಅದರ ಕೆನ್ನೆಗೂ ಒಂದು ಇಟ್ಟೆ. ನೋಡು, ಸಿಪಾಯಿಗೂ ಅಗುಳು ಅಂಟಿದೆ, ಅವನೇನು ಬಾಗಿಲ ಹಿಂದೆ ನಿಂತಿದಾನಾ ಅಂದೆ. ಅವತ್ತು ಸಂಜೆ ಅದನ್ನ ಎತ್ಕೊಂಡು ಬೀದಿಗೆ ಹೋದ."

ನಲ್ಲಿ ತೊಟ್ಟಿಕ್ಕುವುದು ಕೇಳುತ್ತಿತ್ತು.

"ಗೊಂಬೆ ಏನಾಯ್ತಮ್ಮ? ಮನೆ ಬದಲಾಯಿಸುವಾಗ ಕಳೀತು ಅಂತ..."

"ಅವನ ಜೊತೆಗೇ ಮಣ್ಣಿಗೆ ಕಳಿಸಿದೆ. ಜ್ವರ ಬಂದಾಗಲೂ ಕೈ ಬಿಟ್ಟಿರಲಿಲ್ಲ. ನಿನ್ನನ್ನ ಆಗಲೇ ಚಿಕ್ಕಮ್ಮನ ಮನೆಗೆ ಕಳಿಸಿದ್ವಿ. ಒಂದು ವರ್ಷ ಅಲ್ಲಿದ್ದೆ. ಬಂದ ಮೇಲೆ ನೀನೂ ಅವನ ಸುದ್ದಿ ಎತ್ತಲಿಲ್ಲ, ಗೊಂಬೆ ಸುದ್ದೀನೂ ಎತ್ತಲಿಲ್ಲ. ಏಳು ವರ್ಷದ ಮಗು. ಕೇಳಿದಾಗ ಹೇಳಿದ್ರಾಯ್ತು ಅಂದ್ಕೊಂಡೆ."

"ಎಷ್ಟು ದಿನ ಕಾದೆ?"

ಅಜ್ಜಿ ಇದೇನು ಪ್ರಶ್ನೆ ಎನ್ನುವಂತೆ ಅವನನ್ನು ನೋಡಿದಳು. "ನೀನು ಈಗ ತಾನೇ ಕೇಳಿದ್ದು?"

ಅಜ್ಜಿ ಮುಂದುವರಿಸಿದಳು: "ಅವನಿಗೆ ಆ ಕಲೆ ಇತ್ತು ಅನ್ನೋದು ನಿಮ್ಮಪ್ಪ ಹೋದ ಮೇಲೆ ನಂಗೊಬ್ಬಳಿಗೇ ಗೊತ್ತಿರೋದು ಅಂದ್ಕೊಂಡಿದ್ದೆ. ಆ ಫೋಟೋದಲ್ಲೂ ಇಲ್ಲ. ಒಂದೊಂದು ದಿನ ಎಡಗೆನ್ನೆಯೋ ಬಲಗೆನ್ನೆಯೋ ಅಂತ ನಂಗೇ ಅನುಮಾನ ಬಂದು ಗಾಬರಿ ಆಗೋದು. ಕೇಳೋಣ ಅಂದ್ರೆ ಯಾರನ್ನ ಕೇಳಲಿ?"

"ಎಡ," ಎಂದ ಹಲ್ಲಿನಣ್ಣ. "ಎಡಗಣ್ಣಿನ ಕೆಳಗಮ್ಮ."

"ಹೂಂ, ಎಡ," ಎಂದಳು ಅಜ್ಜಿ, ಸಮಾಧಾನದಿಂದ. "ಎಡಾನೇ."

ಅಂದು ಅವನು ಉಣ್ಣದೆ ಎದ್ದ. ತಮ್ಮನ ಮುಖವನ್ನು ನೆನಪಿಗೆ ತಂದುಕೊಳ್ಳಲು ನೋಡಿದ. ಗೊಂಬೆಯ ಮುಖವೇ ಬಂತು. ಶನಿವಾರ ಬೆಳಿಗ್ಗೆ ಯಾರೂ ಹೇಳದೆಯೇ ನಲ್ಲಿ ಬಿಚ್ಚಿ ವಾಷರ್ ಬದಲಾಯಿಸಿದ. ತೊಟ್ಟಿಕ್ಕುವುದು ನಿಂತ ಮೇಲೆ ಮನೆ ಮೊದಲಿಗಿಂತ ಮೌನವಾಯಿತು.

ಭಾನುವಾರ ಮಹಡಿಯ ಮೇಲೆ ಎಲ್ಲರೂ ಬಂದಿದ್ದರು. ಗಾಜಿಲ್ಲದ ಫ್ರೇಮುಗಳು ಗೋಡೆಗೆ ಒರಗಿದ್ದವು. ರೈಲು ಯಜಮಾನರು ತಮ್ಮ ಮೂರು ಹಳೆಯ ಕಾವಲುಗಾರರನ್ನು ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿದ್ದರು. ಮೂರರ ಕೆನ್ನೆಯೂ ನುಣುಪು.

"ಹೇಳಿ ಹಲ್ಲಿನವರೇ, ಏನಾದ್ರೂ ಸಿಕ್ತಾ?"

"ಸಿಕ್ತು. ಕೊನೇ ದೋಷ ಹೊಡೆದು ಹಾಕಿ ಯಜಮಾನ್ರೇ. ಅದು ಅಚ್ಚಲ್ಲಿ ಇರಲಿಲ್ಲ."

"ಮತ್ತೆ ಅಷ್ಟು ಗಟ್ಟಿಯಾಗಿ ಹೇಳಿದ್ರಿ? ತಗ್ಗು ಇತ್ತು, ಉಗುರು ಹಾಕಿದೆ ಅಂತ. ಸುಳ್ಳಾ ಹಾಗಾದ್ರೆ?"

"ಸುಳ್ಳಲ್ಲ. ತಗ್ಗು ಇತ್ತು. ಆದರೆ ಕಂಪನಿ ಮಾಡಿದ್ದಲ್ಲ."

"ಮತ್ತೆ ಯಾರು ಮಾಡಿದ್ದು?"

ಹೇಳಬೇಕೆಂದೇ ಬಂದಿದ್ದ. ಹದಿನಾಲ್ಕು ಮುಖಗಳು ಅವನ ಕಡೆ ತಿರುಗಿದ್ದವು. ಒಬ್ಬ ಆಗಲೇ ನಗುವುದಕ್ಕೆ ತುಟಿ ಸಿದ್ಧಮಾಡಿಕೊಂಡಿದ್ದ. "ಮನೇಲಿ ಆಗಿದ್ದು," ಎಂದಷ್ಟೇ ಹೇಳಿ ಕೂತುಕೊಂಡ. ರೈಲು ಯಜಮಾನರು ಕೆಟ್ಟವರಲ್ಲ, ಮಾತು ಬೆಳೆಸಲಿಲ್ಲ. ಆದರೂ ಪಟ್ಟಿ, ಯಾರ ಕಣ್ಣಿನ ಮೇಲೆ ಬಳಗಕ್ಕೆ ನಂಬಿಕೆಯಿತ್ತೋ ಅಂಥ ಇನ್ನೊಬ್ಬರ ಕೈಗೆ ಹೋಯಿತು. ಚಹಾ ಬಂತು. ಮಣಿಕಟ್ಟಿನ ಬಗ್ಗೆ ಬಹಳ ಹೊತ್ತು ಚರ್ಚೆ ನಡೆಯಿತು. ಮಣಿಕಟ್ಟಿನ ದೋಷ ಕಂಡುಹಿಡಿದವನು ಹಲ್ಲಿನಣ್ಣನೇ. "ನಿಮಗೇನನ್ನಿಸುತ್ತೆ?" ಎಂದು ಅವನನ್ನು ಯಾರೂ ಕೇಳಲಿಲ್ಲ.

ಮಧ್ಯಾಹ್ನ ಮನೆಗೆ ಬಂದವನು ಮೇಜಿನ ಮೇಲಿದ್ದುದನ್ನೆಲ್ಲ ತೆಗೆದು ಕಪಾಟಿಗೆ ಸೇರಿಸಿದ. ಬಿಚ್ಚಿದ ಕಾವಲುಗಾರ, ಕೆಲಸದ ಕೋಣೆಯಿಂದ ತಂದ ಸ್ಪಿರಿಟ್ ದೀಪ, ಒಂದು ದಪ್ಪ ಸೂಜಿ, ಇಷ್ಟನ್ನು ಇಟ್ಟುಕೊಂಡ.

"ಅಮ್ಮ, ಬಾ ಇಲ್ಲಿ. ಎಲ್ಲಿ ಅಂತ ತೋರಿಸು."

ಅಜ್ಜಿ ಬೆರಳಿಟ್ಟು ತೋರಿಸಿದಳು. ಅವನು ಸೂಜಿಯನ್ನು ಕಾಯಿಸಿ, ಉಸಿರು ಹಿಡಿದು, ಒಂದೇ ಏಟಿಗೆ ಗುರುತಿಟ್ಟ. ಅಳೆದು ಕೊರೆದಂಥ ಗುರುತು. ಎರಡು ತುದಿಯೂ ಸಮ, ಆಳವೂ ಸಮ. ಇಪ್ಪತ್ತೆರಡು ವರ್ಷದ ಕೈ ಎಂದರೆ ಅದು. ಗೊಂಬೆಯನ್ನು ತಾಯಿಯ ಕೈಗೆ ಕೊಟ್ಟ.

ಅಜ್ಜಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಮಗನಿಗೆ ನೋವಾಗಬಾರದೆಂದು ಸ್ವಲ್ಪ ತಡೆದು ಹೇಳಿದಳು. "ಚೆನ್ನಾಗಿದೆ ಮಗಾ. ಇದಲ್ಲ."

ಅವನು ಉಗುರು ಹಾಕಿ ನೋಡಿದ. ಇದಲ್ಲ ಎಂದು ಅವನಿಗೂ ಗೊತ್ತಾಯಿತು.

"ಅವತ್ತು ನನ್ನ ಕೈ ನಡುಗ್ತಾ ಇತ್ತು," ಎಂದಳು ಅಜ್ಜಿ. "ಸೂಜಿ ಜಾರಿ ಮೇಲಿನ ತುದಿ ಸೊಟ್ಟ ಆಯ್ತು. ಹಾಳು ಮಾಡಿದ್ನಲ್ಲ ಅಂತ ಅಂದ್ಕೊಂಡೆ. ಅವನು ನೋಡಿ, ನಂದೂ ಹೀಗೇ ಇದೆ ಅಂದ."

ಹಲ್ಲಿನಣ್ಣ ಎದ್ದ. ಕಪಾಟಿನಲ್ಲಿಟ್ಟಿದ್ದ ಎರಡನೆಯ ಪೆಟ್ಟಿಗೆಯನ್ನು ತಂದ. ಮಗಳು ಓದುತ್ತಿದ್ದ ಪುಸ್ತಕದಿಂದ ತಲೆ ಎತ್ತಿದಳು. "ಅಪ್ಪ, ಅದು ಇಡೋದು!" ಎಂದಳು. ಅವನು ಚಾಕು ಹುಡುಕಲಿಲ್ಲ. ಹೆಬ್ಬೆರಳಿನಿಂದ ಮುದ್ರೆ ಹರಿದ. ಆ ಸದ್ದಿಗೆ ಅಡಿಗೆಮನೆಯಿಂದ ಹೆಂಡತಿಯೂ ಬಂದು ಬಾಗಿಲಲ್ಲಿ ನಿಂತಳು.

"ತಗೋ ಅಮ್ಮ."

"ಅಯ್ಯೋ, ಈಗ ನನ್ನ ಕೈ ಇನ್ನೂ ನಡುಗುತ್ತೆ ಕಣೋ."

"ನಡುಗ್ಲಿ."

ಸೂಜಿಯನ್ನು ಅವನೇ ಕಾಯಿಸಿ ಕೊಟ್ಟ. ಅಜ್ಜಿ ದೇವರ ಹೆಸರು ಹೇಳಿ ಬಗ್ಗಿದಳು. ಸೂಜಿ ಕೆನ್ನೆಯನ್ನು ಮುಟ್ಟಿತು, ಒಂದಿಷ್ಟು ಜಾರಿತು, ನಿಂತಿತು. ಸುಟ್ಟ ಪ್ಲಾಸ್ಟಿಕ್ಕಿನ ಸಣ್ಣ ವಾಸನೆ ಎದ್ದಿತು. ಮೇಲಿನ ತುದಿ ಸೊಟ್ಟ, ಕೆಳಗಿನದು ಆಳ.

ಹಲ್ಲಿನಣ್ಣ ಉಗುರು ಹಾಕಿದ. ಬಹಳ ಹೊತ್ತು ಉಗುರನ್ನು ತೆಗೆಯಲೇ ಇಲ್ಲ.

"ಇದೇನಾ?" ಎಂದಳು ಮಗಳು.

ಅವನು ಅವಳ ಕಡೆ ತಿರುಗಿ, ಕಂದು ಕನ್ನಡಕದೊಳಗಿನ ಕಣ್ಣುಗಳನ್ನು ನೋಡಿ, ತಲೆಯಾಡಿಸಿದ.

ಆ ಸಂಜೆ ಮೇಜಿನ ಮೇಲೆ ನಾಲ್ಕು ತಟ್ಟೆಗಳಿದ್ದವು. "ಅತ್ತೆ, ಊಟಕ್ಕೆ ಬನ್ನಿ," ಎಂದು ಕಂಡಕ್ಟರಮ್ಮ ಒಡೆದ ಗಂಟಲಲ್ಲೇ ಎರಡು ಸಲ ಕರೆದಳು. ಉತ್ತರ ಬರಲಿಲ್ಲ. ಹಲ್ಲಿನಣ್ಣ ಎದ್ದು ಹೋಗಿ ಕೋಣೆಯ ಬಾಗಿಲಲ್ಲಿ ನಿಂತ. ಒಳಗೆ ಅಜ್ಜಿ ಮಂಚದ ಮೇಲೆ ಕೂತಿದ್ದಳು. ಕಾವಲುಗಾರನನ್ನು ತೊಡೆಯ ಮೇಲೆ ಒರಗಿಸಿಕೊಂಡು, ಹೆಬ್ಬೆರಳಿನಿಂದ ಅವನ ಎಡಗೆನ್ನೆಯನ್ನು ಮೆಲ್ಲಗೆ ಒರೆಸಿದಳು. ಇನ್ನೊಮ್ಮೆ ಒರೆಸಿದಳು. ಅಗುಳು ಉದುರಲಿಲ್ಲ.